ಸ್ಮಾರ್ಟ್ ಮೀಟರ್: ರೀಡಿಂಗ್ 60 ಕೆಬಿ, ಸಿಮ್ ಬಿಲ್ಲಿನಲ್ಲಿ 8 ಎಂಬಿ. ಮಿಕ್ಕಿದ್ದು ಎಲ್ಲಿ ಹೋಗ್ತಿದೆ?

ಟಿಸಿ_ಪಕ್ಕ · ಬೆಳಿಗ್ಗೆ 9:10

ಸಿಂಗಲ್ ಫೇಸ್ ಸ್ಮಾರ್ಟ್ ಮೀಟರ್ 5,000 ಇವೆ. ಒಳಗಿರೋದು ಎನ್‌ಬಿ-ಐಒಟಿ (ಕಡಿಮೆ ಡೇಟಾದ ಮೊಬೈಲ್ ಸಂಪರ್ಕ) ಮಾಡ್ಯೂಲ್, ಖಾಸಗಿ ಎಪಿಎನ್ (ಇಂಟರ್ನೆಟ್‌ನಿಂದ ಬೇರೆಯಾದ ಸಿಮ್ ಜಾಲ), ಪ್ರತಿ ಮೀಟರಿಗೂ ಸ್ಥಿರ ಐಪಿವಿ6 ವಿಳಾಸ. ಐಎಸ್ 15959 ಭಾಗ 2ರ ಪ್ರಕಾರ ಡಿಎಲ್‌ಎಂಎಸ್ (ಮೀಟರ್ ಮಾತಾಡೋ ಭಾಷೆ), ಟಿಸಿಪಿ ಮೇಲೆ ವ್ರ್ಯಾಪರ್ (ಸಂದೇಶದ ಮುಂದಿನ ಚಿಕ್ಕ ತಲೆಭಾಗ). ಲೋಡ್ ಸರ್ವೇ (ಬಳಕೆಯ ದಾಖಲೆ) 30 ನಿಮಿಷಕ್ಕೊಂದು ಸಾಲು. ಸಾಲಿನಲ್ಲಿ ಏಳು ಮೌಲ್ಯ: ಗಡಿಯಾರ, ಸರಾಸರಿ ವೋಲ್ಟೇಜ್, ಸರಾಸರಿ ಕರೆಂಟ್, ಇಂಪೋರ್ಟ್ ಮತ್ತು ಎಕ್ಸ್‌ಪೋರ್ಟ್ ಎರಡರದ್ದೂ ಕಿಲೋವ್ಯಾಟ್ ಅವರ್, ಕೆವಿಎ ಅವರ್.

ಸಾಲಿಗೆ 42 ಬೈಟ್, ದಿನಕ್ಕೆ 48 ಸಾಲು, ಅಂದರೆ 2,016 ಬೈಟ್. ತಿಂಗಳಿಗೆ 60 ಕೆಬಿ. ಬಿಲ್ಲಿನಲ್ಲಿ ಬರ್ತಿರೋದು ಸಿಮ್‌ಗೆ ಸರಾಸರಿ 8 ಎಂಬಿ ಹತ್ತಿರ.

ಸೆಟ್ಟಿಂಗ್ ಹೀಗಿದೆ: ಟಿಸಿಪಿ ಸಂಪರ್ಕ ಸದಾ ತೆರೆದಿರುತ್ತೆ, ಕೀಪ್‌ಅಲೈವ್ (ಸಂಪರ್ಕ ಬದುಕಿದೆಯಾ ಅಂತ ಕೇಳೋ ಖಾಲಿ ಪ್ಯಾಕೆಟ್) 60 ಸೆಕೆಂಡಿಗೊಮ್ಮೆ. ಎಚ್‌ಇಎಸ್ (ಮೀಟರುಗಳನ್ನು ಓದೋ ಕೇಂದ್ರ ಸರ್ವರ್) ಅರ್ಧ ಗಂಟೆಗೊಮ್ಮೆ ಪ್ರತಿ ಮೀಟರನ್ನೂ ಕೇಳುತ್ತೆ. ಮೊದಲು ಪಬ್ಲಿಕ್ ಕ್ಲೈಂಟ್ (ಕೀಲಿ ಬೇಡದ ಪ್ರವೇಶ) 16ರಲ್ಲಿ ಇನ್ವೊಕೇಶನ್ ಕೌಂಟರ್ (ಸುರಕ್ಷಿತ ಸಂದೇಶಗಳ ಕ್ರಮಸಂಖ್ಯೆ), ಆಮೇಲೆ ಮೀಟರ್ ರೀಡರ್ ಕ್ಲೈಂಟ್ 32ರಲ್ಲಿ ಕಾಲಂ ಪಟ್ಟಿ, ಸ್ಕೇಲರ್ (ಅಂಕಿಯ ದಶಮಾಂಶ ಸ್ಥಾನ ಹೇಳೋದು), ಕೊನೆಯ ಸಾಲು. ರಾತ್ರಿ 12ಕ್ಕೆ ಟೈಮ್‌ಔಟ್‌ಗಳೂ ಜಾಸ್ತಿ. ಎಲ್ಲಿಂದ ಶುರು ಮಾಡೋದು?

ಬೈಟ್_ಎಣಿಕೆ · ಬೆಳಿಗ್ಗೆ 9:48

ಲೆಕ್ಕ ನೀವು ಕೊಟ್ಟ ಸೆಟ್ಟಿಂಗಿನಲ್ಲೇ ಸಿಗುತ್ತೆ.

ಕೀಪ್‌ಅಲೈವ್: ಐಪಿವಿ6 ಹೆಡರ್ 40, ಟಿಸಿಪಿ ಹೆಡರ್ 20, ಒಟ್ಟು 60 ಬೈಟ್. ಹೋಗೋದಕ್ಕೊಂದು, ಬರೋದಕ್ಕೊಂದು, 120 ಬೈಟ್. ದಿನಕ್ಕೆ 1,440 ಸಲ ಅಂದರೆ 1,72,800 ಬೈಟ್. ತಿಂಗಳಿಗೆ 5.2 ಎಂಬಿ. ಇದರಲ್ಲಿ ರೀಡಿಂಗ್ ಒಂದೂ ಇಲ್ಲ.

ಅರ್ಧ ಗಂಟೆಯ ಓದು: ಪಬ್ಲಿಕ್ ಕ್ಲೈಂಟಿನಲ್ಲಿ ಅಸೋಸಿಯೇಶನ್ (ಲಾಗಿನ್), ಓದು, ಬಿಡುಗಡೆ, ಇದಕ್ಕೆ 6 ಪ್ಯಾಕೆಟ್. ಮೀಟರ್ ರೀಡರಿನಲ್ಲಿ ಅಸೋಸಿಯೇಶನ್, ಮೂರು ಓದು, ಬಿಡುಗಡೆ, 10 ಪ್ಯಾಕೆಟ್. ಒಟ್ಟು 16. ಪ್ರತಿಯೊಂದಕ್ಕೂ 60 ಬೈಟ್ ಹೆಡರ್, 8 ಬೈಟ್ ವ್ರ್ಯಾಪರ್. ಅಲ್ಲಿಗೇ 1,088 ಬೈಟ್ ಆಯ್ತು. ಒಳಗಿನ ಡಿಎಲ್‌ಎಂಎಸ್ ಸಂದೇಶಗಳನ್ನೂ ಸೇರಿಸಿದರೆ ಸುಮಾರು 1.8 ಕೆಬಿ. 48 ಸಲ, 30 ದಿನ: 2.6 ಎಂಬಿ.

ಎರಡೂ ಸೇರಿ 7.8. ನಿಮ್ಮ 8 ಎಂಬಿ ಅದೇ. ಸಾಲನ್ನು ಕುಗ್ಗಿಸೋ ಮಾತು ಆಮೇಲೆ, ಮೊದಲು ಕೈ ಹಾಕಬೇಕಾದ್ದು ಸಾಲಿನ ಸುತ್ತ ನಡೀತಿರೋ ಮಾತುಕತೆಗೆ.

ಲೈನ್_ಪೇಟೆ · ಬೆಳಿಗ್ಗೆ 10:15

ಕೀಪ್‌ಅಲೈವ್ ಯಾಕೆ ಹಾಕಿದ್ದಾರೆ ಅಂತ ಮೊದಲು ನೋಡಿ. ಸಾಮಾನ್ಯ ಮೊಬೈಲ್ ಇಂಟರ್ನೆಟ್‌ನಲ್ಲಿ ಆಪರೇಟರಿನ ನ್ಯಾಟ್ (ಹಲವು ಸಿಮ್‌ಗೆ ಒಂದೇ ವಿಳಾಸ ಹಂಚೋ) ಪೆಟ್ಟಿಗೆ ಕೆಲ ನಿಮಿಷ ಸದ್ದಿಲ್ಲದ ಸಂಪರ್ಕವನ್ನು ಮರೆತುಬಿಡುತ್ತೆ, ಆಮೇಲೆ ಎಚ್‌ಇಎಸ್‌ನಿಂದ ಮೀಟರಿಗೆ ದಾರಿ ಇರಲ್ಲ. ಅಲ್ಲಿ ಕೀಪ್‌ಅಲೈವ್ ಬೇಕು. ನಿಮ್ಮದು ಖಾಸಗಿ ಎಪಿಎನ್, ಸ್ಥಿರ ಐಪಿವಿ6. ನ್ಯಾಟ್ ಇಲ್ಲ. ಮೀಟರ್ 4059 ಪೋರ್ಟಿನಲ್ಲಿ ಕಾಯ್ತಾ ಕೂತಿದ್ದರೆ ಸಾಕು, ಬೇಕಾದಾಗ ಎಚ್‌ಇಎಸ್ ಸಂಪರ್ಕ ತೆರೆದು ಕೆಲಸ ಮುಗಿಸಿ ಮುಚ್ಚಲಿ.

ಒಂದು ಅಪಾಯ ಇದೆ. ಮಾಡ್ಯೂಲ್ ನೆಟ್‌ವರ್ಕಿಗೆ ಸೇರಿದ ಹಾಗೇ ಕಾಣುತ್ತೆ, ಆದರೆ ಡೇಟಾ ಸೆಶನ್ ಸತ್ತಿರುತ್ತೆ. ಮೀಟರಿಗೆ ತಿಳಿಯಲ್ಲ, ಎಚ್‌ಇಎಸ್‌ಗೆ ಸಿಗಲ್ಲ. ಅದಕ್ಕೆ ಫರ್ಮ್‌ವೇರಿನಲ್ಲಿ ಕಾವಲು ಬೇಕು: ಇಷ್ಟು ಗಂಟೆ ಒಳಗೆ ಒಂದೂ ಪ್ಯಾಕೆಟ್ ಬಂದಿಲ್ಲ, ಕಳಿಸಿದ್ದಕ್ಕೆ ಉತ್ತರವೂ ಇಲ್ಲ ಅಂದರೆ ಸೆಶನ್ ಹೊಸದಾಗಿ ತೆರೆ, ಆಗಲೂ ಇಲ್ಲದಿದ್ದರೆ ಮಾಡ್ಯೂಲ್ ರೀಸೆಟ್ ಮಾಡು. 6 ಗಂಟೆ ಸಮಂಜಸ. ಇದನ್ನು ಹಾಕದೆ ಕೀಪ್‌ಅಲೈವ್ ಕಿತ್ತರೆ ವಾರದೊಳಗೆ ಒಂದಷ್ಟು ಮೀಟರ್ ಮೌನ ಆಗಿಬಿಡ್ತವೆ, ಲೈನ್‌ಮ್ಯಾನ್ ಮನೆಮನೆಗೆ ಹೋಗಬೇಕಾಗುತ್ತೆ.

ಕೀಲಿ_ಕೈ · ಬೆಳಿಗ್ಗೆ 10:52

ಪಬ್ಲಿಕ್ ಕ್ಲೈಂಟಿನ 6 ಪ್ಯಾಕೆಟ್ ಪ್ರತಿ ಸಲ ಬೇಕಿಲ್ಲ. ಇನ್ವೊಕೇಶನ್ ಕೌಂಟರ್ ಒಂದು ಏರುತ್ತಾ ಹೋಗುವ ಸಂಖ್ಯೆ ಅಷ್ಟೇ. ಹಿಂದೆ ಬಳಸಿದ್ದಕ್ಕಿಂತ ದೊಡ್ಡದು ಬಂದರೆ ಮೀಟರ್ ಒಪ್ಪುತ್ತೆ, ಸಮ ಅಥವಾ ಚಿಕ್ಕದಾದರೆ ತಿರಸ್ಕರಿಸುತ್ತೆ. ಎಚ್‌ಇಎಸ್ ಕೊನೆಯ ಸಂಖ್ಯೆಯನ್ನು ಡೇಟಾಬೇಸಿನಲ್ಲಿ ಇಟ್ಟುಕೊಂಡು ಮುಂದಿನ ಸಲ ಒಂದು ಕೂಡಿಸಿ ನೇರ ಮೀಟರ್ ರೀಡರ್ ಅಸೋಸಿಯೇಶನ್‌ಗೆ ಹೋಗಲಿ. ತಿರಸ್ಕಾರ ಬಂದಾಗ ಮಾತ್ರ ಪಬ್ಲಿಕ್ ಕ್ಲೈಂಟಿನಲ್ಲಿ 0.0.43.1.2.255 (ಮೀಟರಿನಲ್ಲಿ ಆ ಕೌಂಟರಿನ ವಿಳಾಸ) ಓದಿ ಸರಿಪಡಿಸಿಕೊಳ್ಳಲಿ.

ಇದು ಕೆಡೋದು ಎರಡು ಕಡೆ. ಒಂದು, ಎಚ್‌ಇಎಸ್‌ನಲ್ಲಿ ಎರಡು ಸರ್ವರ್ ಒಂದೇ ಮೀಟರಿನ ಜೊತೆ ಮಾತಾಡ್ತಾ ತಮ್ಮ ತಮ್ಮ ಸಂಖ್ಯೆ ಇಟ್ಟುಕೊಂಡರೆ. ಒಬ್ಬರ ಸಂಖ್ಯೆ ಮುಂದೆ ಹೋಗುತ್ತೆ, ಇನ್ನೊಬ್ಬರ ಪ್ರತಿ ಕೋರಿಕೆಯೂ ಬೀಳುತ್ತೆ. ಸಂಖ್ಯೆ ಒಂದೇ ಕಡೆ ಇರಬೇಕು, ಕಳಿಸೋ ಮೊದಲೇ ಬರೆದಿಡಬೇಕು, ಕಳಿಸಿದ ಮೇಲೆ ಅಲ್ಲ. ಎರಡು, ಕೈಯಲ್ಲಿ ಹಿಡಿಯೋ ಯಂತ್ರದಿಂದ ಆಪ್ಟಿಕಲ್ ಪೋರ್ಟಿನಲ್ಲಿ ಅದೇ ಕ್ಲೈಂಟ್ ಬಳಸಿ ಓದಿದ ಮೇಲೆ ಎಚ್‌ಇಎಸ್‌ನ ಸಂಖ್ಯೆ ಹಿಂದೆ ಬೀಳುತ್ತೆ. ಆಗ ಒಂದು ಸಲ ತಿರಸ್ಕಾರ ಸಹಜ, ಗಾಬರಿ ಬೇಡ.

ಟಿಸಿ_ಪಕ್ಕ · ಬೆಳಿಗ್ಗೆ 11:05

ಕೀಲಿ_ಕೈ ಮೇಡಂ, ಗೂಢಲಿಪಿಯ ಭಾರ ಎಷ್ಟು? ಖಾಸಗಿ ಎಪಿಎನ್ ಇದ್ದಮೇಲೆ ಅದನ್ನು ತೆಗೆದು ಬೈಟ್ ಉಳಿಸಬಹುದು ಅಂತ ಒಬ್ಬರು ಹೇಳ್ತಿದ್ದರು.

ಕೀಲಿ_ಕೈ · ಬೆಳಿಗ್ಗೆ 11:20

ಸಾಮಾನ್ಯ ಸಂದೇಶಕ್ಕೆ 19 ಬೈಟ್: ಗುರುತು 1, ಉದ್ದ 1, ಸೆಕ್ಯುರಿಟಿ ಕಂಟ್ರೋಲ್ 1, ಕೌಂಟರ್ 4, ದೃಢೀಕರಣದ ಟ್ಯಾಗ್ 12. ಪುಶ್ ಸಂದೇಶದಲ್ಲಿ (ಮೀಟರ್ ತಾನಾಗೇ ಕಳಿಸೋದು) 8 ಬೈಟಿನ ಸಿಸ್ಟಂ ಟೈಟಲ್ (ಮೀಟರಿನ ಗುರುತು) ಮತ್ತು ಅದರ ಉದ್ದವೂ ಸೇರಿ 28.

ಅದನ್ನು ತೆಗೆಯುವ ಮಾತೇ ಬೇಡ. ಈ ಮೀಟರಿನಲ್ಲಿ ಮನೆಯ ಕರೆಂಟ್ ತೆಗೆಯೋ ಸ್ವಿಚ್ ಇದೆ. ಎಪಿಎನ್ ಒಳಗೆ ಒಂದು ಮಾಡ್ಯೂಲ್ ಕೈತಪ್ಪಿದರೆ ಉಳಿದ 4,999ಕ್ಕೆ ಬಾಗಿಲು ತೆರೆದ ಹಾಗೆ. ಪ್ರತಿ ಮೀಟರಿಗೂ ಬೇರೆ ಬೇರೆ ಕೀಲಿ ಇರಬೇಕು ಅನ್ನೋದೂ ಇದೇ ಕಾರಣಕ್ಕೆ. ಒಂದು ತಿಂಗಳ ಕೀಪ್‌ಅಲೈವ್‌ನ ಬೈಟಿನಲ್ಲಿ ಈ 28 ಬೈಟನ್ನು ಒಂದು ಲಕ್ಷ ಎಂಬತ್ತು ಸಾವಿರ ಸಲ ಕೊಡಬಹುದು.

ಮೀಟರ್_ಬೆಂಚ್ · ಬೆಳಿಗ್ಗೆ 11:58

ಕಾಲಂ ಪಟ್ಟಿ ಮತ್ತು ಸ್ಕೇಲರ್ ಬಗ್ಗೆ. ಲೋಡ್ ಸರ್ವೇಯ 1.0.99.1.0.255ರ ಮೂರನೇ ಆಟ್ರಿಬ್ಯೂಟ್ ಕಾಲಂಗಳ ಪಟ್ಟಿ. ಏಳು ಕಾಲಂ, ಒಂದಕ್ಕೆ 18 ಬೈಟ್, 126 ಬೈಟ್. ನಿಜವಾದ ಸಾಲಿಗೆ 42, ಅದರ ತಲೆಬರಹಕ್ಕೆ ಮೂರು ಪಟ್ಟು! ದಿನಕ್ಕೆ 48 ಸಲ ಓದೋ ವಸ್ತು ಇದಲ್ಲ. ಲೋಡ್ ಸರ್ವೇಯ (ಬ್ಲಾಕ್ ಲೋಡ್) ಸ್ಕೇಲರ್ 1.0.94.91.4.255ರದ್ದೂ ಇದೇ ಕಥೆ.

ಮೀಟರ್ ಅಳವಡಿಸಿದ ದಿನ ಒಂದು ಸಲ ಓದಿ ಇಟ್ಟುಕೊಳ್ಳಿ. ಇಡುವಾಗ ಹುಡುಕೋ ಗುರುತಾಗಿ ಮೀಟರ್ ಮಾದರಿಯ ಹೆಸರೊಂದೇ ಸಾಲದು, ಫರ್ಮ್‌ವೇರ್ ಆವೃತ್ತಿಯೂ (1.0.0.2.0.255) ಜೊತೆಗಿರಲಿ. ಫರ್ಮ್‌ವೇರ್ ಬದಲಾದಾಗ ಕಾಲಂ ಕ್ರಮ ಬದಲಾಗಬಹುದು. ಆಗ ಹಳೇ ಪಟ್ಟಿ ಹಿಡಿದು ಓದಿದರೆ ವೋಲ್ಟೇಜ್ ಬಂದು ಯೂನಿಟ್ ಕಾಲಂನಲ್ಲಿ ಕೂರುತ್ತೆ. ಮನೆಯೊಂದು ಅರ್ಧ ಗಂಟೆಗೆ 231 ಯೂನಿಟ್ ಸುಟ್ಟಿದೆ ಅಂತ ತೋರಿಸಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸ್ಕೇಲರ್ ಬದಲಾದರೆ ಇನ್ನೂ ಕಷ್ಟ, ಅಂಕಿ ಹತ್ತು ಪಟ್ಟು ತಪ್ಪಿರುತ್ತೆ, ನೋಡೋಕೆ ಸಹಜವಾಗಿಯೇ ಇರುತ್ತೆ.

ಇಷ್ಟು ಮಾಡಿದರೆ ಒಂದು ಓದಿಗೆ 16 ಪ್ಯಾಕೆಟ್ ಇದ್ದದ್ದು 6ಕ್ಕೆ ಇಳಿಯುತ್ತೆ.

ಬೈಟ್_ಎಣಿಕೆ · ಮಧ್ಯಾಹ್ನ 12:30

ಈಗ ಸಾಲಿನ ಒಳಗೆ ಬರೋಣ. 42 ಬೈಟ್ ಹೇಗೆ ಆಯ್ತು: ಸ್ಟ್ರಕ್ಚರ್ ಗುರುತು ಮತ್ತು ಸಂಖ್ಯೆ 2, ಗಡಿಯಾರ 14 (12 ಬೈಟ್ ಸಮಯ, 2 ಬೈಟ್ ಗುರುತು-ಉದ್ದ), ವೋಲ್ಟೇಜ್ 3, ನಾಲ್ಕು ಎನರ್ಜಿ ತಲಾ 5, ಕರೆಂಟ್ 3. ಸಾಲಿನ ಮೂರನೇ ಒಂದು ಭಾಗವನ್ನು ಗಡಿಯಾರವೇ ತಿಂತಿದೆ, ಅದೂ 30 ನಿಮಿಷ ಕೂಡಿಸಿದರೆ ಸಿಗುವ ವಿಷಯಕ್ಕೆ.

ಡಿಎಲ್‌ಎಂಎಸ್‌ನಲ್ಲಿ ಇದಕ್ಕೆ ನಲ್-ಡೇಟಾ ಇದೆ. ಮೌಲ್ಯ ಹಿಂದಿನ ಸಾಲಿನಷ್ಟೇ ಇದ್ದರೆ, ಅಥವಾ ಸಮಯ ಹಿಂದಿನ ಸಾಲಿಗೆ ಒಂದು ಅವಧಿ ಕೂಡಿಸಿದಷ್ಟೇ ಇದ್ದರೆ, ಪೂರ್ತಿ ಬರೆಯೋ ಬದಲು ಒಂದೇ ಬೈಟ್. ಸೋಲಾರ್ ಇಲ್ಲದ ಮನೆಯಲ್ಲಿ ಎರಡು ಎಕ್ಸ್‌ಪೋರ್ಟ್ ಕಾಲಂ ಯಾವಾಗಲೂ ಸೊನ್ನೆ, ಅವೂ ಒಂದೊಂದು ಬೈಟ್. ಮೊದಲ ಸಾಲು 42, ಮಿಕ್ಕ 47 ಸಾಲು ತಲಾ 21. ದಿನಕ್ಕೆ 1,029 ಬೈಟ್. ಅರ್ಧಕ್ಕೆ ಅರ್ಧ ಉಳಿತಾಯ.

ಕಾಂಪ್ಯಾಕ್ಟ್ ಅರೇ ಇನ್ನೊಂದು ದಾರಿ. ಪ್ರತಿ ಮೌಲ್ಯದ ಮುಂದಿನ ಗುರುತು ಬೈಟ್ ತೆಗೆದು ವಿವರಣೆಯನ್ನು ಒಂದೇ ಸಲ ಮೇಲೆ ಬರೆಯುತ್ತೆ. 42 ಇದ್ದ ಸಾಲು 33 ಆಗುತ್ತೆ. ಈ ಏಳು ಕಾಲಂಗೆ ನಲ್-ಡೇಟಾದಷ್ಟು ಲಾಭ ಕೊಡಲ್ಲ. ಡಿಎಲ್‌ಎಂಎಸ್ ನಿಯಮಗಳ ಹೊಸ ಬ್ಲೂ ಬುಕ್‌ನಲ್ಲಿ ವ್ಯತ್ಯಾಸವನ್ನಷ್ಟೇ ಕಳಿಸೋ ಡೆಲ್ಟಾ ಮಾದರಿಗಳೂ ಬಂದಿವೆ, ಆದರೆ ಈಗಾಗಲೇ ಗೋಡೆ ಮೇಲಿರೋ ಮೀಟರಿನಿಂದ ಅದನ್ನು ನಿರೀಕ್ಷಿಸಬೇಡಿ.

ಹುಬ್ಳಿ_ಫೀಡರ್ · ಮಧ್ಯಾಹ್ನ 12:55

ಬೈಟ್_ಎಣಿಕೆ ಅವ್ರ ಲೆಕ್ಕ ಖರೆ ಐತ್ರಿ, ಆದ್ರ ನಲ್-ಡೇಟಾ ಒಳಗ ಒಂದು ಗುಂಡಿ ಐತಿ. ಎಚ್‌ಇಎಸ್ ಡೀಕೋಡರ್ ನಲ್ ಅಂದ್ರ ಸೊನ್ನಿ ಅಂತ ತಿಳ್ಕೊಂಡ್ರ ಕೆಲಸ ಕೆಟ್ಟಹಾಂಗ. ಎಕ್ಸ್‌ಪೋರ್ಟ್ ಕಾಲಂನಾಗ ಗೊತ್ತಾಗೂದಿಲ್ಲ, ಯಾಕಂದ್ರ ಹ್ಯಾಂಗೂ ಸೊನ್ನಿ. ಫ್ರಿಜ್ ಒಂದ ನಡಿಯೂ ರಾತ್ರಿ ವ್ಯಾಳ್ಯಾದಾಗ ಇಂಪೋರ್ಟ್ ಎರಡು ಸಾಲಿಗೆ ಒಂದ ಅಂಕಿ ಬರ್ತೈತಿ, ಎರಡನೇದು ನಲ್ ಆಗ್ತೈತಿ, ಡೀಕೋಡರ್ ಸೊನ್ನಿ ಅಂತೈತಿ. ಯೂನಿಟ್ ಕಡಿಮಿ ಬೀಳ್ತಾವು. ಸ್ವೀಕಾರ ಪರೀಕ್ಷಾದಾಗ ಸ್ಥಿರ ಲೋಡ್ ಹಾಕಿ ಎರಡು ತಾಸು ಬಿಡ್ರಿ, 48 ಸಾಲಿನ ಮೊತ್ತಕ್ಕೂ 1.0.1.8.0.255ರ (ಒಟ್ಟು ಇಂಪೋರ್ಟ್ ಯೂನಿಟ್) ದಿನದ ವ್ಯತ್ಯಾಸಕ್ಕೂ ತಾಳೆ ನೋಡ್ರಿ. ತಾಳೆ ಆಗಲಿಲ್ಲಂದ್ರ ಡೀಕೋಡರ್ ತಪ್ಪು.

ಇನ್ನೊಂದು. ಕರೆಂಟ್ ಹೋಗಿ ಬಂದ ಮ್ಯಾಲೆ ಬರೂ ಮೊದಲ ಸಾಲಿನಾಗ ಸಮಯ ಪೂರ್ತಿ ಇರಬೇಕು. ಅಲ್ಲೂ ನಲ್ ಕಳಿಸೂ ಮೀಟರ್ ಇದ್ರ ಆ ಹೊತ್ತಿನಿಂದ ಎಲ್ಲಾ ಸಾಲು ಹಿಂದಕ್ಕ ಸರೀತಾವು. ನಮ್ಮ ಕಡೆ ಲೋಡ್ ಶೆಡ್ಡಿಂಗ್ ಇರೂ ಫೀಡರಿನಾಗ ಇದನ್ನ ಪರೀಕ್ಷಾ ಮಾಡದ ಬಿಡಬ್ಯಾಡ್ರಿ.

ಮೀಟರ್_ಬೆಂಚ್ · ಮಧ್ಯಾಹ್ನ 1:20

ಅದೇ ಕಾರಣಕ್ಕೆ ಓದುವಾಗ ಎಂಟ್ರಿ ನಂಬರ್ ಹಿಡಿದು ಕೇಳಬೇಡಿ, ಸಮಯದ ವ್ಯಾಪ್ತಿ ಹಿಡಿದು ಕೇಳಿ. ಕರೆಂಟ್ ಇಲ್ಲದ ಅವಧಿಗೆ ಕೆಲವು ಮೀಟರ್ ಸಾಲೇ ಬರೆಯಲ್ಲ, ಕೆಲವು ಸೊನ್ನೆ ಸಾಲು ಬರೆಯುತ್ತೆ. ನಂಬರ್ ಹಿಡಿದರೆ ಎರಡರಲ್ಲಿ ಒಂದು ಕಡೆ ತಪ್ಪೇ. ಸಮಯದ ವ್ಯಾಪ್ತಿ ಹುಡುಕೋಕೆ ಮೀಟರಿನ ಚಿಪ್ಪಿಗೆ ತುಸು ಹೊತ್ತು ಬೇಕು, ವಿಶೇಷವಾಗಿ ಹಳೇ ದಿನ ಕೇಳಿದಾಗ. ಎಚ್‌ಇಎಸ್ ಟೈಮ್‌ಔಟ್ ಅದಕ್ಕೆ ತಕ್ಕಂತೆ ಇರಲಿ.

ಲೈನ್_ಪೇಟೆ · ಮಧ್ಯಾಹ್ನ 2:05

ಟೈಮ್‌ಔಟ್ ಮಾತು ಬಂದಿದ್ದಕ್ಕೆ. ಎನ್‌ಬಿ-ಐಒಟಿಯಲ್ಲಿ 3 ಸೆಕೆಂಡ್, 5 ಸೆಕೆಂಡ್ ಟೈಮ್‌ಔಟ್ ಇಟ್ಟರೆ ಡೇಟಾ ಖರ್ಚು ತಾನಾಗೇ ಹೆಚ್ಚುತ್ತೆ. ಬೇಸ್‌ಮೆಂಟಿನ ಮೀಟರ್ ಪ್ಯಾನೆಲ್ ತರದ ಕಡೆ ಸಿಗ್ನಲ್ ಕ್ಷೀಣ ಇದ್ದಾಗ ಈ ತಂತ್ರಜ್ಞಾನ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕೂಗುತ್ತೆ, ಅಪ್‌ಲಿಂಕಿನಲ್ಲಿ 128 ಸಲದವರೆಗೆ, ಡೌನ್‌ಲಿಂಕಿನಲ್ಲಿ 2,048 ಸಲದವರೆಗೆ. 164 ಡೆಸಿಬೆಲ್ ನಷ್ಟವನ್ನೂ ದಾಟುವ ಶಕ್ತಿ ಬರೋದು ಅದರಿಂದಲೇ. ಅಂಥ ಕಡೆ ಉತ್ತರಕ್ಕೆ 10 ಸೆಕೆಂಡ್ ಹಿಡಿಯೋದು ಅಸಹಜ ಅಲ್ಲ. ಟಿಸಿಪಿಯ ಮೊದಲ ಮರುಪ್ರಯತ್ನ 1 ಸೆಕೆಂಡಿಗೇ ಶುರು. ಉತ್ತರ ದಾರಿಯಲ್ಲಿರುವಾಗಲೇ ಅದೇ ಪ್ಯಾಕೆಟ್ ಮತ್ತೆ, ಮತ್ತೆ. ಎಚ್‌ಇಎಸ್ ಅದರ ಮೇಲೆ ಸಂಪರ್ಕ ಕಡಿದು ಅಸೋಸಿಯೇಶನ್ನಿಂದ ಮೊದಲು ಮಾಡಿದರೆ ಮುಗೀತು, ಆ ಮೀಟರ್ ರಾತ್ರಿ ಪೂರ್ತಿ ಸಾಲಿನ ಹತ್ತಿರವೇ ಬರಲ್ಲ.

ಮಾಡಬೇಕಾದ್ದು: ಮೊದಲ ಮರುಪ್ರಯತ್ನದ ಅವಧಿ ಕನಿಷ್ಠ 10 ಸೆಕೆಂಡ್, ಡಿಎಲ್‌ಎಂಎಸ್ ಮಟ್ಟದ ಟೈಮ್‌ಔಟ್ 30 ಸೆಕೆಂಡ್, ಎರಡು ಮರುಪ್ರಯತ್ನ. ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ) ಮೈನಸ್ 110 ಡಿಬಿಎಂವರೆಗೂ ಕೆಲಸ ಸರಾಗ. ಮೈನಸ್ 120ರ ಕೆಳಗಿರೋ ಮೀಟರುಗಳ ಪಟ್ಟಿ ಬೇರೆ ಮಾಡಿ, ಅವಕ್ಕೆ ಆಂಟೆನಾ ಹೊರಗೆ ತರೋ ವ್ಯವಸ್ಥೆ ಮಾಡಿ. ಕಬ್ಬಿಣದ ಡಬ್ಬದೊಳಗೆ ಮೀಟರ್ ಇಟ್ಟು ಬಾಗಿಲು ಹಾಕಿದರೆ ಯಾವ ಮಾಡ್ಯೂಲೂ ಏನೂ ಮಾಡಕ್ಕಾಗಲ್ಲ. ಪಾಲಿಕಾರ್ಬೊನೇಟ್ ಡಬ್ಬ, ಇಲ್ಲ ಹೊರಗಿನ ಆಂಟೆನಾ. ಹೊರಗೆ ತಂದರೆ ಕನೆಕ್ಟರಿಗೆ ಮಳೆನೀರು ಹೋಗದ ಹಾಗೆ ಟೇಪ್ ಸುತ್ತಿ, ಕೇಬಲ್ ಕೆಳಮುಖವಾಗಿ ಬಳುಕಿ ಬರಲಿ.

ಮಾಡ್ಯೂಲಿನಲ್ಲಿ ಪವರ್ ಸೇವಿಂಗ್ ಮೋಡ್ ಆನ್ ಇದೆಯಾ ಅಂತಲೂ ನೋಡಿ. ಅದು ಬ್ಯಾಟರಿಯ ನೀರಿನ ಮೀಟರಿಗೆ ಸರಿ. ಕರೆಂಟ್ ಮೀಟರಿಗೆ ವಿದ್ಯುತ್ ಅಲ್ಲೇ ಇದೆ. ಪ್ರೀಪೇಯ್ಡ್ ಗ್ರಾಹಕರು ದುಡ್ಡು ಹಾಕಿದ ಮೇಲೆ ಮರುಸಂಪರ್ಕದ ಆಜ್ಞೆ ಕೂಡಲೇ ತಲುಪಬೇಕು. ನಿದ್ದೆಯಲ್ಲಿರೋ ಮಾಡ್ಯೂಲ್ ಏಳೋವರೆಗೆ ಆ ಮನೆ ಕತ್ತಲಲ್ಲಿ ಕೂರಬೇಕಾಗುತ್ತೆ.

ಬೈಟ್_ಎಣಿಕೆ · ಮಧ್ಯಾಹ್ನ 2:40

ಇಷ್ಟೆಲ್ಲ ಆದಮೇಲೂ ಅರ್ಧ ಗಂಟೆಗೊಮ್ಮೆ ಎಚ್‌ಇಎಸ್ ಹೋಗಿ ಕೇಳೋದೇ ಯಾಕೆ? ಮೀಟರೇ ಕಳಿಸಲಿ. ಪುಶ್ ಸೆಟಪ್ (ಕ್ಲಾಸ್ 40) ಇದೆ. ಯುಡಿಪಿ (ಸಂಪರ್ಕ ತೆರೆಯದೆ, ಸ್ವೀಕೃತಿಗೆ ಕಾಯದೆ ಕಳಿಸೋ ವಿಧಾನ) ಮೇಲೆ ಒಂದು ಪ್ಯಾಕೆಟ್, ಅಸೋಸಿಯೇಶನ್ ಇಲ್ಲ, ಬಿಡುಗಡೆ ಇಲ್ಲ.

ಅರ್ಧ ಗಂಟೆಗೆ ಒಂದು ಸಾಲು: ಸಾಲು 42, ಪುಶ್‌ನ ತಲೆಭಾಗ (ಮೀಟರ್ ಗುರುತು, ಸಮಯ ಇತ್ಯಾದಿ) ಸುಮಾರು 40, ಭದ್ರತೆ 28, ವ್ರ್ಯಾಪರ್ 8, ಯುಡಿಪಿ ಮತ್ತು ಐಪಿವಿ6 48. ಒಟ್ಟು 166. ತಿಂಗಳಿಗೆ 239 ಕೆಬಿ.

ನಾಲ್ಕು ಗಂಟೆಗೆ ಎಂಟು ಸಾಲು, ನಲ್-ಡೇಟಾ ಜೊತೆ: ಸಾಲುಗಳು 189, ಮಿಕ್ಕಿದ್ದೆಲ್ಲ ಅಷ್ಟೇ, ಒಟ್ಟು 313. ದಿನಕ್ಕೆ ಆರು ಸಲ. ತಿಂಗಳಿಗೆ 56 ಕೆಬಿ. ಭದ್ರತೆ, ಹೆಡರ್ ಎಲ್ಲ ಸೇರಿಯೂ ಮೊದಲ ಬರಹದಲ್ಲಿ ಬರೀ ರೀಡಿಂಗಿಗೆ ಹಾಕಿದ್ದ 60 ಕೆಬಿಗಿಂತ ಕಡಿಮೆ.

ಹುಬ್ಳಿ_ಫೀಡರ್ · ಮಧ್ಯಾಹ್ನ 3:02

ಯುಡಿಪಿ ಒಳಗ ಕಳದ ಪ್ಯಾಕೆಟ್ ಕಳದಂಗರಿ. ಮೀಟರಿಗೆ ಮುಟ್ಟಿದ್ದು ಗೊತ್ತಾಗೂದಿಲ್ಲ. ಬಿಲ್ಲಿನ ಡೇಟಾ ಅದರ ಮ್ಯಾಲೆ ಬಿಡೂದು ನನಗ ಒಪ್ಪಿಗಿ ಇಲ್ಲ.

ಬೈಟ್_ಎಣಿಕೆ · ಮಧ್ಯಾಹ್ನ 3:15

ಒಪ್ಪಿದೆ, ಅದರ ಮೇಲೇ ಬಿಡೋದು ಬೇಡ ಸಾರ್. ಡೇಟಾ ಮೀಟರಿನಲ್ಲಿ ಇದ್ದೇ ಇರುತ್ತೆ, ಲೋಡ್ ಸರ್ವೇ ಸಾಮಾನ್ಯವಾಗಿ 35 ದಿನ. ದಿನಕ್ಕೊಮ್ಮೆ ಬೆಳಗಿನ ಜಾವ 2ರಿಂದ 5ರೊಳಗೆ ಎಚ್‌ಇಎಸ್ ತನ್ನಲ್ಲಿ ಯಾವ ಸಾಲಿಲ್ಲ ಅಂತ ನೋಡಿ, ಆ ಮೀಟರಿಗೆ ಮಾತ್ರ, ಆ ಅವಧಿಗೆ ಮಾತ್ರ, ಟಿಸಿಪಿಯಲ್ಲಿ ಹೋಗಿ ಕೇಳಲಿ. ನೂರರಲ್ಲಿ ಹತ್ತು ಮೀಟರಿಗೆ ಹೋಗಬೇಕಾಗಿ ಬಂದರೂ ನೂರಕ್ಕೂ 48 ಸಲ ಹೋಗೋದರ ಮುಂದೆ ಅದು ಲೆಕ್ಕಕ್ಕಿಲ್ಲ. ಪುಶ್‌ಗೆ ಬೇರೆ ಕೌಂಟರ್ ಇಟ್ಟಿರೋ ಮೀಟರಾದರೆ, ಬಂದ ಸಂದೇಶಗಳ ಕೌಂಟರಿನಲ್ಲಿ ಸಂಖ್ಯೆ ಹಾರಿದ ಕೂಡಲೇ ನಡುವೆ ಕಳೆದಿದೆ ಅಂತ ತಿಳಿಯುತ್ತೆ, ರಾತ್ರಿವರೆಗೂ ಕಾಯಬೇಕಿಲ್ಲ.

ಯುಡಿಪಿ ಪುಶ್ 1,232 ಬೈಟಿನ ಒಳಗಿರಲಿ. ಐಪಿವಿ6ನಲ್ಲಿ ಯಾವ ದಾರಿಯೂ ಹೊರಲೇಬೇಕಾದ ಅಳತೆ 1,280, ಅದರಲ್ಲಿ 48 ಹೆಡರ್. ಮೀರಿದರೆ ತುಂಡಾಗುತ್ತೆ, ಒಂದು ತುಂಡು ಕಳೆದರೂ ಪೂರ್ತಿ ಹೋಯ್ತು.

ಹುಬ್ಳಿ_ಫೀಡರ್ · ಮಧ್ಯಾಹ್ನ 3:21

ಹಾಂಗಾದ್ರ ಸರಿ ಐತ್ರಿ. ಪುಶ್ ಮುಂದ, ಕೇಳೂದು ಹಿಂದಿಂದ ತೂತು ಮುಚ್ಚಾಕ. ರಾತ್ರಿ 12ರ ಟೈಮ್‌ಔಟಿಗೂ ಒಂದು ಮಾತು: ಎಲ್ಲಾ ಮೀಟರಿನ ಗಡಿಯಾರ ಒಂದ ತೋರಸ್ತೈತಿ, ಎಲ್ಲಾ ಒಂದ ಸೆಕೆಂಡಿಗೆ ಎದ್ದು ಕೂಗತಾವು. ಪುಶ್ ಸೆಟಪ್‌ನ ಐದನೇ ಆಟ್ರಿಬ್ಯೂಟ್ ರ‍್ಯಾಂಡಮೈಸೇಶನ್ ಅವಧಿ, ಸೆಕೆಂಡಿನಾಗ. ಅದು ಸೊನ್ನಿ ಇರತೈತಿ ಭಾಳ ಕಡೆ. 4 ತಾಸಿಗೊಮ್ಮಿ ಕಳಿಸೂದಾದ್ರ 1,800 ಇಡ್ರಿ, ಅರ್ಧ ತಾಸಿನ ಮ್ಯಾಲೆ ಹರಡ್ತೈತಿ. ಆರನೇದು ಮರುಪ್ರಯತ್ನ, 2 ಸಾಕು. ಏಳನೇದು ನಡುವಿನ ವಿರಾಮ, 300 ಇಡ್ರಿ. ಇಲ್ಲಿ 10 ಇಟ್ರ ಒಂದು ಸಲ ಟವರ್ ಕೆಟ್ಟು ಬಂದಾಗ ಮತ್ತ ಎಲ್ಲಾ ಒಂದ ಕಡೆ ಮುಗಿ ಬೀಳ್ತಾವು.

ಟಿಸಿ_ಪಕ್ಕ · ಮಧ್ಯಾಹ್ನ 3:50

ನೋಡಿದೆ, ಐದನೇದು ಸೊನ್ನೆಯೇ ಇದೆ. ಕರೆಂಟ್ ಹೋದಾಗ ಕಳಿಸೋ ಕೊನೆಯುಸಿರಿನ ಸಂದೇಶಕ್ಕೂ ಇದೇ 1,800 ಇಡಬಹುದಾ?

ಮೀಟರ್_ಬೆಂಚ್ · ಸಂಜೆ 4:04

ಖಂಡಿತ ಬೇಡ! ಅಷ್ಟು ಹೊತ್ತು ಮೀಟರ್ ಬದುಕಿರಲ್ಲ. ಆ ಸಂದೇಶ ಹೊರಡೋದು ಸೂಪರ್ ಕೆಪಾಸಿಟರಿನಲ್ಲಿ ಉಳಿದ ಚಾರ್ಜಿನಿಂದ. ಘಟನೆಯ ಪುಶ್ 0.4.25.9.0.255, ಕಾಲಕ್ಕೆ ಸರಿಯಾಗಿ ಹೋಗೋದು 0.0.25.9.0.255. ಎರಡಕ್ಕೂ ಸೆಟ್ಟಿಂಗ್ ಬೇರೆ. ಘಟನೆಯದ್ದಕ್ಕೆ ಹರಡುವಿಕೆ ಕೆಲವೇ ಸೆಕೆಂಡ್ ಇರಬೇಕು. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ನೂರು ಮೀಟರ್ ಒಟ್ಟಿಗೆ ಕೂಗಿ ಅರ್ಧ ಕಳೆದರೂ ಪರವಾಗಿಲ್ಲ. ಒಂದೇ ಟಿಸಿಯ ಹತ್ತು ಮೀಟರಿನಿಂದ ಬಂದರೆ ಟಿಸಿ ಹೋಗಿದೆ ಅಂತ ಎಚ್‌ಇಎಸ್ ತೀರ್ಮಾನಿಸಬಹುದು. ಅದಕ್ಕೆ ಮೀಟರ್ ಯಾವ ಟಿಸಿಗೆ ಸೇರಿದ್ದು ಅನ್ನೋ ಪಟ್ಟಿ ಸರಿ ಇರಬೇಕು. ಆರ್‌ಆರ್ ನಂಬರಿಗೂ ಟಿಸಿಗೂ ಇರೋ ನಂಟು ತಪ್ಪಿದ್ದರೆ ಎಷ್ಟು ಒಳ್ಳೇ ಸಂವಹನ ಇದ್ದರೂ ಲೈನ್‌ಮ್ಯಾನ್ ಬೇರೆ ಕಂಬದ ಹತ್ತಿರ ಹೋಗ್ತಾರೆ.

ಘಟನೆಯ ಪುಶ್‌ನಲ್ಲಿ ಇನ್ನೊಂದು ಸೋರಿಕೆ ಇದೆ. ಈವೆಂಟ್ ಸ್ಟೇಟಸ್ ವರ್ಡ್ (ಘಟನೆಗಳ ಗುರುತುಪಟ್ಟಿ) 128 ಬಿಟ್. ಅದರ ಫಿಲ್ಟರ್ 0.0.94.91.26.255ರಲ್ಲಿ ಎಲ್ಲವನ್ನೂ ಆನ್ ಮಾಡಿಟ್ಟರೆ, ಸಂಜೆ ವೋಲ್ಟೇಜ್ ಮಿತಿಯ ಆಚೆ ಈಚೆ ಓಲಾಡೋ ಬೀದಿಯಲ್ಲಿ ಪ್ರತಿ ಮೀಟರೂ ಕಡಿಮೆ ವೋಲ್ಟೇಜ್ ಬಂತು, ಹೋಯ್ತು, ಬಂತು ಅಂತ ಕಳಿಸ್ತಾನೇ ಇರುತ್ತೆ. ಕರೆಂಟ್ ಹೋಗಿದ್ದು, ಮುಚ್ಚಳ ತೆರೆದಿದ್ದು, ಅಯಸ್ಕಾಂತ ಇಟ್ಟಿದ್ದು, ನ್ಯೂಟ್ರಲ್ ತಪ್ಪಿಸಿದ್ದು ಕೂಡಲೇ ಬರಲಿ. ವೋಲ್ಟೇಜಿನದ್ದು ಲಾಗ್‌ನಲ್ಲಿರಲಿ, ದಿನಕ್ಕೊಮ್ಮೆ ಓದಿಕೊಳ್ಳಿ.

ಎಚ್‌ಇಎಸ್ ದಿನಾ ರಾತ್ರಿ ಎಲ್ಲ ಮೀಟರಿಗೂ ಸಮಯ ಸೆಟ್ ಮಾಡುವ ಹಾಗಿದ್ದರೆ ಅದನ್ನೂ ನಿಲ್ಲಿಸಿ. ಪ್ರತಿ ಸೆಟ್ಟಿಗೂ ಮೀಟರಿನಲ್ಲಿ 151 ಅಂತ ಘಟನೆ ದಾಖಲಾಗುತ್ತೆ, ನಿಜವಾದ ಬದಲಾವಣೆಗಳ ದಾಖಲೆ ಅದರಡಿ ಹೂತುಹೋಗುತ್ತೆ. ಪುಶ್‌ನಲ್ಲೇ ಮೀಟರಿನ ಸಮಯ ಬರ್ತಿದೆ, ವ್ಯತ್ಯಾಸ ಮಿತಿ ದಾಟಿದ ಮೀಟರಿಗೆ ಮಾತ್ರ ಸೆಟ್ ಮಾಡಿ.

ಮಲೆನಾಡು_ಆರ್‌ಎಫ್ · ಸಂಜೆ 5:30

ಸಿಮ್ ಬದಲು ಆರ್‌ಎಫ್ ಮೆಶ್ (ಮೀಟರಿನಿಂದ ಮೀಟರಿಗೆ ರೇಡಿಯೋದಲ್ಲಿ ಜಿಗಿಯೋ ಜಾಲ) ಇರುವವರಿಗಾಗಿ ಸ್ವಲ್ಪ. ನಮ್ಮಲ್ಲಿ ಲೈಸೆನ್ಸ್ ಬೇಡದ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಮೆಶ್‌ನಲ್ಲಿ ಬೈಟಿಗೆ ದುಡ್ಡಿಲ್ಲ, ಗಾಳಿಯಲ್ಲಿನ ಹೊತ್ತಿಗೆ ಬೆಲೆ. 50 ಕಿಲೋಬಿಟ್ ವೇಗದಲ್ಲಿ 300 ಬೈಟಿಗೆ 48 ಮಿಲಿಸೆಕೆಂಡ್. ಐದು ಜಿಗಿತ ಆದರೆ 240, ಮೇಲೆ ಪ್ರತಿ ಜಿಗಿತದ ಸ್ವೀಕೃತಿ, ದಾರಿ ಖಾಲಿ ಆಗೋವರೆಗಿನ ಕಾಯುವಿಕೆ. ಒಂದೇ ರೇಡಿಯೋ ಕೇಳಬೇಕು ಇಲ್ಲ ಹೇಳಬೇಕು, ಎರಡೂ ಒಟ್ಟಿಗೆ ಆಗಲ್ಲ. ಒಂದು ಪ್ರಶ್ನೋತ್ತರಕ್ಕೆ 1.5 ಸೆಕೆಂಡ್ ಹಿಡಿದರೆ, 700 ಮೀಟರಿನ ಒಂದು ಡಿಸಿಯುಗೆ (ಮೀಟರುಗಳ ಡೇಟಾ ಒಟ್ಟುಗೂಡಿಸೋ ಪೆಟ್ಟಿಗೆ) ಒಂದು ಸುತ್ತು 1,050 ಸೆಕೆಂಡ್, ಅಂದರೆ ಹದಿನೇಳೂವರೆ ನಿಮಿಷ. ಅದೂ ಮೀಟರಿಗೆ ಒಂದೇ ಪ್ರಶ್ನೆ ಕೇಳಿದರೆ. ಅಸೋಸಿಯೇಶನ್, ಬಿಡುಗಡೆ ಸೇರಿಸಿದರೆ ಮೂರು ಸುತ್ತು, 52 ನಿಮಿಷ. ಅರ್ಧ ಗಂಟೆಯಲ್ಲಿ ಮುಗಿಯೋ ಮಾತೇ ಇಲ್ಲ. ಮೆಶ್‌ನಲ್ಲಿ ಪುಶ್ ಅನಿವಾರ್ಯ.

ಮೆಶ್ ಕಾರ್ಡಿಗೂ ಮೀಟರಿಗೂ ನಡುವೆ ಎಚ್‌ಡಿಎಲ್‌ಸಿ (ಡೇಟಾವನ್ನು ತುಂಡು ತುಂಡು ಫ್ರೇಮಾಗಿ ಕಳಿಸೋ ಪದ್ಧತಿ) ಇದ್ದರೆ ಫ್ರೇಮಿನ ಅಳತೆ ನೋಡಿ. ಏನೂ ಹೇಳದಿದ್ದರೆ 128 ಬೈಟ್. ಮೇಲಿನ 1,029 ಬೈಟಿಗೆ 9 ಫ್ರೇಮ್, ಪ್ರತಿಯೊಂದಕ್ಕೂ ಮುಂದಿನದು ಕಳಿಸು ಅನ್ನೋ ಮಾತು ಜಿಗಿತಗಳ ಆಚೆಯಿಂದ ಬರಬೇಕು. ಸಂಪರ್ಕ ಶುರುವಾಗುವಾಗ 512 ಅಥವಾ 1,024 ಕೇಳಿ ಒಪ್ಪಿಸಿಕೊಳ್ಳಿ, 2,030ವರೆಗೂ ಅವಕಾಶ ಇದೆ. ಇನ್ನೂ ಒಳ್ಳೇದು ಎಚ್‌ಡಿಎಲ್‌ಸಿಯನ್ನು ಕಾರ್ಡಿನಲ್ಲೇ ಮುಗಿಸಿ ಗಾಳಿಯಲ್ಲಿ ವ್ರ್ಯಾಪರ್ ಮಾತ್ರ ಕಳಿಸೋದು.

ಮೆಶ್ ಬೇಕಾ ಸಿಮ್ ಬೇಕಾ ಅನ್ನೋದು ಮೀಟರ್ ಹೇಗೆ ಹರಡಿದೆ ಅನ್ನೋದರ ಮೇಲೆ ನಿಂತಿದೆ. ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಸೆಸ್ಕ್ ಮಾಡಿದ ಸ್ಮಾರ್ಟ್ ಗ್ರಿಡ್ ಪ್ರಯೋಗದ ತರ ಒಂದು ಪ್ರದೇಶದ 21,824 ಗ್ರಾಹಕರನ್ನು ಒಟ್ಟಿಗೆ ತಗೊಂಡರೆ ಅಕ್ಕಪಕ್ಕದ ಮೀಟರ್ ಒಂದಕ್ಕೊಂದು ಆಸರೆ ಆಗ್ತವೆ. ಬೆಸ್ಕಾಂ 2025ರ ಫೆಬ್ರವರಿ 15ರಿಂದ ಮಾಡಿದ ಹಾಗೆ ಹೊಸ ಸಂಪರ್ಕಕ್ಕೆ ಮಾತ್ರ ಕಡ್ಡಾಯ ಅಂದಾಗ ಈ ಬೀದಿಗೊಂದು, ಆ ಬೀದಿಗೊಂದು ಸ್ಮಾರ್ಟ್ ಮೀಟರ್ ಬರುತ್ತೆ. ನಡುವೆ ಜಿಗಿಯೋಕೆ ಯಾರೂ ಇಲ್ಲ. ಅಲ್ಲಿ ಸಿಮ್ಮೇ ಸರಿ. ಮಲೆನಾಡಿನ ಒಂಟಿ ಮನೆ, ನಡುವೆ ಒದ್ದೆ ಅಡಿಕೆ ತೋಟ, ಅಲ್ಲಿಯೂ ಮೆಶ್ ನಂಬಬೇಡಿ.

ಟಿಸಿ_ಪಕ್ಕ · ಸಂಜೆ 5:52

ಅಂಥ ಒಂಟಿ ಮನೆಗೆ ಲೋರಾ (ದೂರ ಹೋಗೋ, ನಿಧಾನದ ರೇಡಿಯೋ)?

ಮಲೆನಾಡು_ಆರ್‌ಎಫ್ · ಸಂಜೆ 6:01

ದೂರ ತಲುಪುತ್ತೆ, ಆದರೆ ಅತಿ ದೂರದ, ಅತಿ ನಿಧಾನದ ಎಸ್‌ಎಫ್ 12 ಸೆಟ್ಟಿಂಗಿನಲ್ಲಿ ಒಂದು ಸಂದೇಶಕ್ಕೆ 51 ಬೈಟ್ ಮಿತಿ, ಗಾಳಿಯಲ್ಲಿ ಎರಡೂವರೆ ಸೆಕೆಂಡಿಗೂ ಹೆಚ್ಚು. ಒಂದು ಸಾಲು 42, ಭದ್ರತೆ 28. ಅಲ್ಲೇ ಮೀರಿತು. ಡಿಎಲ್‌ಎಂಎಸ್ ಬಿಟ್ಟು ಸ್ವಂತ ಭಾಷೆ ಕಟ್ಟಬೇಕಾಗುತ್ತೆ, ಆಗ ಬೇರೆ ಕಂಪನಿ ಮೀಟರ್ ಸೇರಿಸೋದು ಕಷ್ಟ. ಫರ್ಮ್‌ವೇರ್ ಕಳಿಸೋದಂತೂ ದೂರದ ಮಾತು.

ಮೀಟರ್_ಬೆಂಚ್ · ಸಂಜೆ 6:25

ಫರ್ಮ್‌ವೇರ್ ಅಂದಿರಿ, ಅದರ ಲೆಕ್ಕವೂ ಪ್ಲಾನಿನಲ್ಲಿರಲಿ. 300 ಕೆಬಿ ಇಮೇಜ್, 200 ಬೈಟಿನ ಬ್ಲಾಕ್, 1,536 ಬ್ಲಾಕ್. ಒಂದೊಂದಕ್ಕೂ ಉತ್ತರ ಕಾದು 2 ಸೆಕೆಂಡ್ ಹೋದರೆ 51 ನಿಮಿಷ. ಬ್ಲಾಕ್ ಅಳತೆ ದೊಡ್ಡದು ಮಾಡಿ, ಮೀಟರ್ ಒಪ್ಪುವಷ್ಟು. ನಡುವೆ ಕಡಿದುಹೋದರೆ ಮೊದಲಿನಿಂದ ಶುರು ಮಾಡಬೇಡಿ, ಇಮೇಜ್ ಟ್ರಾನ್ಸ್‌ಫರಿನ (ಕ್ಲಾಸ್ 18) ನಾಲ್ಕನೇ ಆಟ್ರಿಬ್ಯೂಟ್ ಯಾವ ಬ್ಲಾಕ್ ಇನ್ನೂ ಬಂದಿಲ್ಲ ಅಂತ ಹೇಳುತ್ತೆ, ಅಲ್ಲಿಂದ ಮುಂದುವರಿಸಿ. ಬ್ಲಾಕ್ ದೊಡ್ಡದು ಮಾಡಿದರೂ ಒಂದು ಅಪ್‌ಡೇಟ್ ಅಂದರೆ ಹೊಸ ಲೆಕ್ಕದಲ್ಲಿ ಆರೇಳು ತಿಂಗಳ ರೀಡಿಂಗಿನಷ್ಟು ಡೇಟಾ. 5,000 ಮೀಟರಿಗೆ ಒಂದೇ ತಿಂಗಳಲ್ಲಿ ಮಾಡಿದರೆ ಎಲ್ಲ ಸಿಮ್‌ಗೂ ಸೇರಿದ ಡೇಟಾ ಮಿತಿ (ಪೂಲ್) ಮೀರಬಹುದು.

ಟಿಸಿ_ಪಕ್ಕ · ಸಂಜೆ 7:10

ಎಲ್ಲರಿಗೂ ಧನ್ಯವಾದ. ಮೊದಲು 50 ಮೀಟರಿನಲ್ಲಿ ಈ ಕ್ರಮ: ಮಾಡ್ಯೂಲ್ ಕಾವಲು ಹಾಕಿದ ಫರ್ಮ್‌ವೇರ್, ಆಮೇಲೆ ಕೀಪ್‌ಅಲೈವ್ ತೆಗೆಯೋದು, ಕೌಂಟರ್ ಮತ್ತು ಕಾಲಂ ಪಟ್ಟಿ ಎಚ್‌ಇಎಸ್‌ನಲ್ಲಿ, 4 ಗಂಟೆಗೊಮ್ಮೆ ಯುಡಿಪಿ ಪುಶ್, ಬೆಳಗಿನ ಜಾವ ತೂತು ಮುಚ್ಚೋ ಓದು. ನಲ್-ಡೇಟಾಗೆ ಹುಬ್ಳಿ_ಫೀಡರ್ ಅವರ ತಾಳೆ ಪರೀಕ್ಷೆ ಆದಮೇಲೇ ಆನ್. ಒಂದು ಉಳಿದಿದೆ: ಪ್ರತಿ ತಿಂಗಳು 1ನೇ ತಾರೀಖು ಬಿಲ್ಲಿಂಗ್ ಪ್ರೊಫೈಲ್ ಎಲ್ಲರದ್ದೂ ಅದೇ ರಾತ್ರಿ ಬೇಕು ಅಂತಾರೆ.

ಹುಬ್ಳಿ_ಫೀಡರ್ · ಸಂಜೆ 7:32

ಬಿಲ್ಲಿಂಗ್ ಪ್ರೊಫೈಲ್ 1.0.98.1.0.255 ಮೀಟರಿನಾಗ ಹಿಂದಿನ 12 ತಿಂಗಳದ್ದು ಇರತೈತ್ರಿ, ಎಲ್ಲೂ ಓಡಿ ಹೋಗೂದಿಲ್ಲ. 12 ಗಂಟೆಗೆ ಮೀಟರ್ ತನ್ನೊಳಗ ಅಂಕಿ ಹಿಡದು ಇಟ್ಟಿರತೈತಿ, 3ನೇ ತಾರೀಖಿಗೆ ಓದಿದ್ರೂ 1ನೇ ತಾರೀಖಿನ ಅಂಕಿನ ಬರತೈತಿ. ಮೂರು ರಾತ್ರಿಗೆ ಹಂಚ್ರಿ. ಓದೂವಾಗ ಪೂರ್ತಿ ಪ್ರೊಫೈಲ್ ಕೇಳಬ್ಯಾಡ್ರಿ, ಹನ್ನೆರಡೂ ತಿಂಗಳು ಬಂದು ಬೀಳ್ತಾವು. ಆ ಒಂದು ತಾರೀಖಿನ ಸಾಲು ಮಾತ್ರ ಕೇಳ್ರಿ. ಮತ್ತ ಅದೇ ರಾತ್ರಿ ಬೇಕು ಅನ್ನೂವರಿಗೆ 4 ತಾಸಿನ ಪುಶ್‌ನ ಪಟ್ಟಿಗೆ 1.0.1.8.0.255 ಒಂದು ಸೇರಿಸಿ ಕೊಡ್ರಿ. ಐದ ಬೈಟ್ ಹೆಚ್ಚಾಗತೈತಿ.